ಪುಕ್ಕಲಕ್ಕನ ಉಪ್ಪಿನ ಡಬ್ಬಿ

ನಮ್ಮಕ್ಕನನ್ನು ಮನೆಯಲ್ಲಿ ಎಲ್ಲರೂ ಪುಕ್ಕಲಕ್ಕ ಎಂದೇ ಕರೆಯುವುದು. ಹೆಸರಿಟ್ಟವಳು ನಾನೇ, ಅವಳ ಬೆನ್ನಿಗೆ ಹುಟ್ಟಿದವಳು. ಗ್ಯಾಸ್ ಆರಿಸಿದ ಮೇಲೂ ಬಂದು ಮುಟ್ಟಿ ನೋಡುವವಳು, ಬೀಗ ಹಾಕಿ ಕೆಳಗಿಳಿದು ಮತ್ತೆ ಹತ್ತಿ ಬೀಗ ಜಗ್ಗುವವಳು, ಹೊತ್ತಲ್ಲದ ಹೊತ್ತಲ್ಲಿ ಫೋನ್ ಬಂದರೆ ಯಾರೋ ಹೋಗಿಬಿಟ್ಟರು ಎಂದು ಕುಸಿದು ಕೂರುವವಳು. ಅವಳ ಕೆಲಸವೂ ಅವಳ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಚೆಕ್ಕಿಂಗ್ ಟೇಬಲ್. ಹೊಲಿದು ಬಂದ ಶರ್ಟುಗಳನ್ನು ಟ್ಯೂಬ್‌ಲೈಟಿನ ಕೆಳಗೆ ಒಳಹೊರಗು ಮಾಡಿ, ಬಿಟ್ಟುಹೋದ ಹೊಲಿಗೆ, ಸಡಿಲ ಗುಂಡಿ, ಎಣ್ಣೆ ಕಲೆ ಎಲ್ಲಿದೆಯೋ ಅಲ್ಲಿ ಕೆಂಪು ಸ್ಟಿಕ್ಕರ್ ಅಂಟಿಸುವುದು. "ಹೆದರಿಕೊಳ್ಳೋದಕ್ಕೆ ಸಂಬಳ ಕೊಡೋ ಕಾರ್ಖಾನೆ ನಿನಗೊಬ್ಬಳಿಗೇ ಸಿಕ್ಕಿದ್ದು ನೋಡು" ಎಂದು ನಾನು ರೇಗಿಸುತ್ತಿದ್ದೆ. ಅವಳೂ ನಗುತ್ತಿದ್ದಳು, ನಕ್ಕು ಹೋಗಿ ಗ್ಯಾಸ್ ಮುಟ್ಟಿ ನೋಡುತ್ತಿದ್ದಳು.

ಭಾವ ಇದಕ್ಕೆ ತದ್ವಿರುದ್ಧ. ಲಿಫ್ಟ್ ರಿಪೇರಿ ಅವರ ಕೆಲಸ. ಎತ್ತರದ ಕಟ್ಟಡಗಳ ನೆತ್ತಿಯ ಮೇಲಿನ ಮೋಟಾರ್ ಕೋಣೆಯಲ್ಲಿ ಮೈಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ನಿಲ್ಲುವವರು. ಕೆಟ್ಟು ನಿಂತ ಲಿಫ್ಟಿಗೇ ಅವರನ್ನು ಕರೆಯುವುದಾದ್ದರಿಂದ, ಊರಿನಲ್ಲಿ ಅವರಷ್ಟು ಮೆಟ್ಟಿಲು ಹತ್ತಿದ ಮನುಷ್ಯ ಇನ್ನೊಬ್ಬನಿರಲಿಲ್ಲ. ಐವತ್ತು ದಾಟಿದ್ದರೂ ನೋವು, ಸುಸ್ತು ಎಂದು ಬಾಯಿ ಬಿಟ್ಟವರಲ್ಲ. ಅಕ್ಕ ಕೇಳಿದರೆ "ನಂಗೇನಾಗಿದೆ, ಗುಂಡುಕಲ್ಲು ಇದ್ದಂಗಿದೀನಿ" ಎನ್ನುವುದು ಅವರ ಉತ್ತರ.

ಆ ಗುಂಡುಕಲ್ಲಿಗೆ ಬಿಪಿ ಇದೆ ಎಂದು ಗೊತ್ತಾದದ್ದು ಕಂಪನಿಯವರು ಮಾಡಿಸಿದ ತಪಾಸಣೆಯಲ್ಲಿ. ನಮ್ಮ ಅಪ್ಪ ಬಿಪಿ ಮಾತ್ರೆಯನ್ನು ತಾವೇ ನಿಲ್ಲಿಸಿ, ಒಂದು ಬೆಳಿಗ್ಗೆ ಲಕ್ವ ಹೊಡೆದು ಎಡಗೈ ಎಡಗಾಲು ಎರಡರ ಸ್ವಾಧೀನವನ್ನೂ ಕಳೆದುಕೊಂಡು, ಕೊನೆತನಕ ಹಾಸಿಗೆಯಲ್ಲೇ ಇದ್ದವರು. ಅವರನ್ನು ಮಗ್ಗುಲಿಗೆ ಹೊರಳಿಸಿ, ಬಟ್ಟೆ ಬದಲಾಯಿಸಿ, ಬಾಯಿಗೆ ತುತ್ತಿಟ್ಟವಳು ಅಕ್ಕ. ನಾನು ಆಗ ಚಿಕ್ಕವಳು, ಪಕ್ಕದ ಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಓದುತ್ತಿದ್ದೆ. ಹಾಗಾಗಿ ಬಿಪಿ ಎಂದರೆ ಅವಳಿಗೆ ಏನು ಎನ್ನುವುದು ನನಗೆ ಪೂರ್ತಿ ಅರ್ಥವಾಗಿರಲಿಲ್ಲ.

ಮೊದಲು ಕೊಟ್ಟ ಒಂದು ಔಷಧಿಗೆ ಬಿಪಿ ಬಗ್ಗಲಿಲ್ಲ. ಆಗ ಡಾಕ್ಟರು ಒಂದೇ ಮಾತ್ರೆಯಲ್ಲಿ ಎರಡು ಔಷಧಿ ಸೇರಿರುವುದನ್ನು ಬರೆದುಕೊಟ್ಟರು. ಆವತ್ತು ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದರು: ದಿನಾ ಒಂದೇ ಹೊತ್ತಿಗೆ ತಗೊಳ್ಳಿ. ಹಳೆಯ ಮಾತ್ರೆ ಇನ್ನು ಬೇಡ, ಅದೂ ಇದರೊಳಗೇ ಇದೆ, ಎರಡನ್ನೂ ನುಂಗಿದರೆ ಡೋಸ್ ಎರಡರಷ್ಟಾಗುತ್ತದೆ. ಒಂದು ದಿನ ಮರೆತರೆ ಮಾರನೇ ದಿನ ಎರಡು ತಗೊಳ್ಳಬೇಡಿ. ಚೆನ್ನಾಗಿದ್ದೀನಿ ಅಂತ ನೀವೇ ನಿಲ್ಲಿಸಬೇಡಿ. ಹಾಸಿಗೆಯಿಂದ ದಡಬಡ ಏಳಬೇಡಿ. ಬೇರೆ ಯಾವ ಮಾತ್ರೆ ತಗೊಳ್ಳೋದಿದ್ದರೂ ನನ್ನನ್ನು ಕೇಳಿ. ಎರಡು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ. ಊಟದಲ್ಲಿ ಉಪ್ಪು ಕಡಿಮೆ ಮಾಡಿ.

ಭಾವ ಎಲ್ಲಕ್ಕೂ ತಲೆಯಾಡಿಸಿದರು. ಅಕ್ಕ ಏನೋ ಕೇಳಲು ಬಾಯಿ ತೆರೆದಳು, ಬಾಗಿಲಲ್ಲಿ ನಿಂತ ಮುಂದಿನ ರೋಗಿಯನ್ನು ನೋಡಿ ಮುಚ್ಚಿದಳು. ದೊಡ್ಡವರ ಮುಂದೆ ಪ್ರಶ್ನೆ ಕೇಳುವುದೂ ಅವಳ ಹೆದರಿಕೆಗಳಲ್ಲಿ ಒಂದು.

ಮನೆಗೆ ಬಂದವಳೇ ಹಳೆಯ ಮಾತ್ರೆಗಳನ್ನೆಲ್ಲ ಬೇರೆ ತೆಗೆದಿಟ್ಟು ಔಷಧಿ ಅಂಗಡಿಗೆ ವಾಪಸ್ ಕೊಟ್ಟಳು. ದಿನಾ ಬೆಳಿಗ್ಗೆ ಎದುರಿಗೆ ನಿಂತು, ಭಾವ ಮಾತ್ರೆ ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದಳು. ಭಾವ ನಾಲಿಗೆ ಚಾಚಿ ಮಕ್ಕಳ ಹಾಗೆ ಅಣಕಿಸುತ್ತಿದ್ದರು. ಬಿಪಿ ಇಳಿಯಿತು. ಇಳಿದ ಖುಷಿಯಲ್ಲಿ ಭಾವ ರಕ್ತ ಪರೀಕ್ಷೆಗೆ ಹೋಗಲೇ ಇಲ್ಲ. "ಚೆನ್ನಾಗಿರೋನಿಗೆ ಸೂಜಿ ಯಾಕೆ ಚುಚ್ಚಿಸ್ತೀಯ?"

ಉಪ್ಪಿನ ವಿಷಯ ಮಾತ್ರ ಹದಕ್ಕೆ ಬರಲಿಲ್ಲ. ಸಪ್ಪೆ ಅಡುಗೆ ಮಾಡಿದರೆ ಭಾವ ತಟ್ಟೆ ದೂಡಿ ಏಳುತ್ತಿದ್ದರು, ಬೀದಿ ಕೊನೆಯ ಕ್ಯಾಂಟೀನಿಗೆ ಹೋಗಿ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು. ಆಗ ಅಕ್ಕನಿಗೆ ಅಂಗಡಿಯಲ್ಲಿ ಒಂದು ಪೊಟ್ಟಣ ಕಂಡಿತು. ಸೋಡಿಯಂ ಕಡಿಮೆ ಇರುವ ಉಪ್ಪು. ಮೇಲೆ ಹೃದಯದ ಚಿತ್ರ, ಬಿಪಿ ಇರುವವರಿಗೆ ಒಳ್ಳೆಯದು ಎಂಬ ಬರಹ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇನ್ನೇನೋ ಇತ್ತು. ಶರ್ಟಿನಲ್ಲಿ ಬಿಟ್ಟ ಒಂದು ಹೊಲಿಗೆ ಹಿಡಿಯುವ ಕಣ್ಣು ಅದನ್ನು ಓದಲಿಲ್ಲ, ಮುಂಬದಿಯ ಹೃದಯ ನೋಡಿಯೇ ನೆಮ್ಮದಿಯಾಗಿತ್ತು.

ಭಾವನಿಗೆ ಹೇಳಿದರೆ ಬೇಡ ಎನ್ನುತ್ತಾರೆಂದು, ಅವರಿಲ್ಲದ ಹೊತ್ತಿನಲ್ಲಿ ಹಳೆಯ ಉಪ್ಪನ್ನು ಚೆಲ್ಲಿ ಅದೇ ಡಬ್ಬಿಗೆ ಹೊಸದನ್ನು ತುಂಬಿದಳು. ಆ ಉಪ್ಪಿಗೆ ರುಚಿ ಸ್ವಲ್ಪ ಮಂದ. ಭಾವ "ಉಪ್ಪು ಸಾಲದು ಕಣೇ" ಎಂದರೆ ಇನ್ನೊಂದು ಚಮಚ ಹಾಕುತ್ತಿದ್ದಳು. ಒಳ್ಳೆಯ ಉಪ್ಪು ತಾನೇ, ಎಷ್ಟು ಹಾಕಿದರೇನು. ಅವಳ ತರ್ಕ ಅದು. ನನಗೂ ಹೇಳಲಿಲ್ಲ.

ತಿಂಗಳು ಕಳೆಯುವುದರೊಳಗೆ ಭಾವನ ಕಾಲು ಸೋಲತೊಡಗಿತು. ನಾಲ್ಕನೇ ಮಹಡಿಗೇ ನಿಂತು ಗೋಡೆ ಹಿಡಿಯುತ್ತಾರಂತೆ ಎಂದು ಅವರ ಜೊತೆಗಾರ ಮೆಕ್ಯಾನಿಕ್ ಒಮ್ಮೆ ಅಕ್ಕನಿಗೆ ಫೋನಿನಲ್ಲಿ ಹೇಳಿಬಿಟ್ಟ. ಅಷ್ಟು ಸಾಕಾಯಿತು. ಅವಳಿಗೆ ಕಣ್ಣ ಮುಂದೆ ಅಪ್ಪನ ಎಡಗಾಲು ಬಂತು. ಶಕ್ತಿ ಬರಲಿ ಎಂದು ಬಾಳೆಹಣ್ಣು, ಕಿತ್ತಳೆ ರಸ ಶುರು ಮಾಡಿದಳು. ಸುಸ್ತು ಹೆಚ್ಚಿದಷ್ಟೂ ಹಣ್ಣು ಹೆಚ್ಚಿತು, ಹಣ್ಣು ಹೆಚ್ಚಿದಷ್ಟೂ ಸುಸ್ತು. ಅವಳು ಊಟ ಬಿಟ್ಟು ಅವರ ಮುಖವನ್ನೇ ನೋಡುತ್ತ ಕೂರುತ್ತಿದ್ದಳು. ನಾನು ಬೈದೆ. "ಮನುಷ್ಯ ದುಡಿದು ಸುಸ್ತಾಗಿದ್ದಾನೆ, ನೀನು ನೋಡಿ ನೋಡಿಯೇ ಅವರನ್ನ ಕಾಯಿಲೆ ಮಾಡ್ತೀಯ." ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಭಾವ ಕುರ್ಚಿಯಿಂದ ಏಳಲು ಹೋದರು, ಏಳಲಾಗಲಿಲ್ಲ. ತೊಡೆಗಳು ತಮ್ಮವಲ್ಲವೇನೋ ಎಂಬಂತೆ ನೋಡಿಕೊಂಡರು. ಪಕ್ಕದ ಬೀದಿಯ ನನ್ನ ಮನೆಯಿಂದ ನಾನು ಓಡಿ ಬಂದಾಗ ಅಕ್ಕ ಅವರ ಮಣಿಕಟ್ಟು ಹಿಡಿದು ನೆಲದ ಮೇಲೆ ಕೂತಿದ್ದಳು. "ನಾಡಿ ನಿಂತು ನಿಂತು ಹೊಡ್ಕೋತಿದೆ ಕಣೇ" ಎಂದಳು. ಮುಟ್ಟಿ ನೋಡಿದೆ. ಒಂದು ಬಡಿತ. ಆಮೇಲೆ ಏನೂ ಇಲ್ಲ. ಇನ್ನು ಬರುವುದೇ ಇಲ್ಲವೇನೋ ಎನ್ನುವಷ್ಟು ಹೊತ್ತಾದ ಮೇಲೆ ಇನ್ನೊಂದು. ಅವಳನ್ನು ಪುಕ್ಕಲಿ ಎಂದು ಆಡಿಕೊಂಡ ನನಗೆ ಆಂಬುಲೆನ್ಸಿನ ನಂಬರು ಒತ್ತಲು ಬೆರಳು ಬಗ್ಗಲಿಲ್ಲ. ಫೋನ್ ಮಾಡಿದವಳೂ ಅವಳೇ.

ಆಸ್ಪತ್ರೆಯಲ್ಲಿ ಎದೆಗೆ ವೈರುಗಳನ್ನು ಅಂಟಿಸಿದರು, ರಕ್ತ ತೆಗೆದರು, ಗಡಿಬಿಡಿಯಲ್ಲಿ ಒಂದರ ಹಿಂದೊಂದು ಇಂಜೆಕ್ಷನ್ ಕೊಟ್ಟರು. ಬಾಗಿಲಾಚೆ ನಾವಿಬ್ಬರೂ ಕೈ ಕೈ ಹಿಡಿದು ನಿಂತಿದ್ದೆವು. ಬಹಳ ಹೊತ್ತಿನ ಮೇಲೆ ಹೊರಬಂದ ಡಾಕ್ಟರಮ್ಮ, ರಕ್ತದಲ್ಲಿ ಪೊಟ್ಯಾಸಿಯಂ ಮಿತಿಮೀರಿ ಏರಿದೆ, ಅದಕ್ಕೇ ಹೃದಯ ಹಾಗೆ ತಡವರಿಸುತ್ತಿದೆ, ಇನ್ನೂ ಏರಿದ್ದರೆ ನಿಂತೇಹೋಗುತ್ತಿತ್ತು ಎಂದರು. ಬಿಪಿ ಮಾತ್ರೆಯನ್ನು ಸದ್ಯಕ್ಕೆ ನಾವು ತಡೆದಿದ್ದೇವೆ, ಮುಂದೇನು ಎಂದು ನಾವೇ ಹೇಳುತ್ತೇವೆ ಎಂದೂ ಹೇಳಿದರು.

ಮಾರನೇ ದಿನ ಬೆಳಿಗ್ಗೆ ಅವರು ಹಾಸಿಗೆಯ ಬಳಿ ಬಂದು ಕೇಳಿದರು. "ಪೊಟ್ಯಾಸಿಯಂ ಇಳಿಸಿದ್ದೀವಿ. ಆದ್ರೆ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗದಿದ್ರೆ ಮತ್ತೆ ಏರುತ್ತೆ. ಕಿಡ್ನಿನೂ ಸ್ವಲ್ಪ ಸೋತಿದೆ. ಮನೇಲಿ ಬೇರೆ ಏನಾದ್ರೂ ತಗೋತಿದ್ರಾ? ನೋವಿನ ಮಾತ್ರೆ? ಟಾನಿಕ್ಕು? ಮಾಮೂಲಿ ಉಪ್ಪಿನ ಬದಲು ಬೇರೆ ಉಪ್ಪು?"

"ಏನೂ ಇಲ್ಲ ಡಾಕ್ಟ್ರೇ" ಎಂದರು ಭಾವ.

ಅಕ್ಕ ಕಾಲ ಬಳಿ ನಿಂತಿದ್ದಳು. ಹಣ್ಣಿನ ಮಾತನ್ನು ಹೇಳಿದಳು, ಉಪ್ಪಿನ ಮಾತನ್ನು ಹೇಳಲಿಲ್ಲ. ಹಣ್ಣು, ಜ್ಯೂಸ್ ಬೇಡ, ಮನೆಯಿಂದ ಸಾದಾ ಊಟ ತಂದುಕೊಡಿ ಎಂದು ಡಾಕ್ಟರಮ್ಮ ಮುಂದಿನ ಹಾಸಿಗೆಗೆ ಹೋದರು. ಆ ಗಳಿಗೆಯಲ್ಲಿ ಏನಾಯಿತು ಎಂದು ಆಮೇಲೆ ಅವಳೇ ನನಗೆ ಹೇಳಿದಳು. "ನನ್ನ ಕೈಯಾರೆ ನಾನೇ ಕೊಲ್ತಿದ್ದೆ ಅಂತ ಅನ್ನಿಸಿಬಿಡ್ತು ಕಣೇ. ಬಾಯಿಗೆ ಬೀಗ ಬಿದ್ದ ಹಾಗಾಯ್ತು. ಮನೆಗೆ ಹೋಗಿ ಡಬ್ಬಿ ಖಾಲಿ ಮಾಡಿಬಿಟ್ರೆ ಮುಗೀತು, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ."

ಆದರೆ ಅವಳು ಮನೆಗೆ ಹೋಗಲಿಲ್ಲ. ಗಂಡನನ್ನು ಬಿಟ್ಟು ಕದಲಲು ಅವಳಿಗೆ ಧೈರ್ಯ ಸಾಲಲಿಲ್ಲ. ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದಳು. ಎಬ್ಬಿಸುವುದು ಬೇಡವೆಂದು ಅವಳ ಚೀಲದಿಂದ ಬೀಗದ ಕೈ ತೆಗೆದುಕೊಂಡು ನಾನೇ ಹೊರಟೆ. ಅವಳ ಅಡುಗೆಮನೆಯಲ್ಲಿ ಅನ್ನ ಮೆತ್ತಗೆ ಬೇಯಿಸಿ, ತರಕಾರಿ ಮಾಡಿ, ಒಲೆಯ ಪಕ್ಕದ ಡಬ್ಬಿಯಿಂದ ಉಪ್ಪು ಹಾಕಿದೆ. ರುಚಿ ನೋಡಿದರೆ ಸಪ್ಪೆ. ಇನ್ನೊಂದಿಷ್ಟು ಹಾಕಿದೆ. ಎರಡು ದಿನದಿಂದ ನೆಟ್ಟಗೆ ಊಟ ಕಾಣದ ಮನುಷ್ಯ, ಬಾಯಿಗೆ ರುಚಿಯಾಗಿರಲಿ ಎಂದು ಧಾರಾಳವಾಗಿಯೇ ಹಾಕಿದೆ.

ಮಧ್ಯಾಹ್ನ ವಾರ್ಡಿಗೆ ಬಂದಾಗ ಅಕ್ಕ ನೀರು ತರಲು ಹೋಗಿದ್ದಳು. ಭಾವನ ಬೆನ್ನಿಗೆ ದಿಂಬು ಒರಗಿಸಿ, ಕ್ಯಾರಿಯರ್ ಬಿಚ್ಚಿ, ಅನ್ನ ಕಲಸಿ ಚಮಚ ಎತ್ತಿದೆ. "ನಿಮ್ಮ ಹೆಂಡ್ತಿ ಕೈರುಚಿ ಅಲ್ಲ, ನಂದು. ಹೆಸರಿಡದೆ ತಿನ್ನಿ" ಎಂದೆ. ಭಾವ ಬಾಯಿ ತೆರೆದರು.

ಆಗ ಬಾಗಿಲ ಬಳಿ ಬಾಟಲಿ ಬಿದ್ದ ಸದ್ದು. ತಿರುಗಿ ನೋಡುವಷ್ಟರಲ್ಲಿ ಅಕ್ಕ ಹಾಸಿಗೆ ಹಾಸಿಗೆಗಳ ನಡುವೆ ಓಡಿ ಬಂದು ನನ್ನ ಕೈಗೆ ಹೊಡೆದಳು. ಚಮಚ ಹಾರಿತು, ಅನ್ನ ಹೊದಿಕೆಯ ಮೇಲೆಲ್ಲ ಚೆಲ್ಲಿತು.

"ತಿನ್ಬೇಡಿ! ಆ ಉಪ್ಪು ತಿನ್ಬೇಡಿ! ಯಾವ ಡಬ್ಬಿಯಿಂದ ಹಾಕ್ದೆ ನೀನು?"

ಇಡೀ ವಾರ್ಡು ನಮ್ಮ ಕಡೆ ತಿರುಗಿತು. ಅಕ್ಕ ನರ್ಸಿನ ತೋಳು ಹಿಡಿದುಕೊಂಡು, "ಡಾಕ್ಟರಮ್ಮನ್ನ ಕರೀರಿ. ನಾನು ಸುಳ್ಳು ಹೇಳಿದೀನಿ, ಈಗ್ಲೇ ಕರೀರಿ" ಎಂದು ಗೋಗರೆದಳು.

ಡಾಕ್ಟರಮ್ಮ ಬಂದರು. ಅಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿದಳು: ಪೊಟ್ಟಣ, ಡಬ್ಬಿ, ದಿನಕ್ಕೆ ಎಷ್ಟು ಚಮಚ, ಯಾವಾಗಿನಿಂದ, ಮಾಡಿಸದೆ ಬಿಟ್ಟ ರಕ್ತ ಪರೀಕ್ಷೆ. ಹೇಳಿ ಮುಗಿಸಿ, ಏಟು ಬೀಳುತ್ತದೆ ಎನ್ನುವವಳ ಹಾಗೆ ತಲೆ ತಗ್ಗಿಸಿ ನಿಂತಳು. ಡಾಕ್ಟರಮ್ಮ ಗದರಲಿಲ್ಲ. ಆ ಉಪ್ಪಿನಲ್ಲಿ ಸೋಡಿಯಂ ಕಡಿಮೆ ಮಾಡಿ ಅದರ ಜಾಗಕ್ಕೆ ಪೊಟ್ಯಾಸಿಯಂ ಹಾಕಿರುತ್ತಾರೆ, ಬೇರೆ ಎಷ್ಟೋ ಜನರಿಗೆ ಅದರಿಂದ ತೊಂದರೆಯಿಲ್ಲ, ಆದರೆ ಇವರ ಮಾತ್ರೆಯೊಳಗಿನ ಎರಡು ಔಷಧಿಗಳಲ್ಲಿ ಒಂದು ಪೊಟ್ಯಾಸಿಯಮ್ಮನ್ನು ಮೈಯೊಳಗೇ ಉಳಿಸಿಕೊಳ್ಳುತ್ತದೆ, ಒಂದೆಡೆ ಹೊರಗೆ ಬಿಡದೆ ಇನ್ನೊಂದೆಡೆ ತುಂಬುತ್ತಲೇ ಇದ್ದಿರಿ ಎಂದರು. ಎರಡು ವಾರಕ್ಕೆ ಹೇಳಿದ ರಕ್ತ ಪರೀಕ್ಷೆ ಇದನ್ನು ಹಿಡಿಯುವುದಕ್ಕೇ ಇದ್ದದ್ದು ಎಂದು ಭಾವನ ಕಡೆ ನೋಡಿದರು.

"ಹೇಳಿದ್ದು ಒಳ್ಳೇದಾಯ್ತು ಅಮ್ಮ. ಆದ್ರೂ ಕಿಡ್ನಿ ಸರಿ ಇದ್ದಿದ್ರೆ ಇಷ್ಟು ಏರೋದು ಕಷ್ಟ. ಇನ್ನೇನೋ ಇದೆ."

ಭಾವ ಹೊದಿಕೆಯ ಮೇಲಿನ ಅನ್ನದ ಅಗುಳುಗಳನ್ನು ಒಂದೊಂದಾಗಿ ಆರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು.

"ನನ್ನ ಟೂಲ್ ಬ್ಯಾಗಲ್ಲಿ ನೋವಿನ ಮಾತ್ರೆ ಇದೆ ಡಾಕ್ಟ್ರೇ. ದಿನಾ ತಗೋತಿದ್ದೆ. ಮೆಟ್ಟಿಲು ಜಾಸ್ತಿ ಇದ್ದ ದಿನ ಎರಡು, ಮೂರು."

"ಯಾರು ಬರೆದುಕೊಟ್ಟಿದ್ದು?"

"ಯಾರೂ ಇಲ್ಲ. ಅಂಗಡಿಯವನು."

ಬೆಳಿಗ್ಗೆ ಕೇಳಿದಾಗಲೇ ಇಬ್ಬರೂ ಬಾಯಿಬಿಟ್ಟಿದ್ದರೆ ಅರ್ಧ ದಿನ ಉಳಿಯುತ್ತಿತ್ತು ಎಂದು ಡಾಕ್ಟರಮ್ಮ ಈಗ ಗದರಿದರು. ಆ ಮಾತ್ರೆ ಕಿಡ್ನಿಗೆ ಏಟು, ಬಿಪಿ ಔಷಧಿಯ ಜೊತೆಗಂತೂ ಇನ್ನೂ ಕೆಟ್ಟದ್ದು, ನೋವಿಗೆ ಬೇರೆ ದಾರಿ ನೋಡೋಣ ಎಂದು ಹೇಳಿ, ಇನ್ನೊಮ್ಮೆ ರಕ್ತ ತೆಗೆಯಲು ನರ್ಸಿಗೆ ಸೂಚಿಸಿ ಹೋದರು. ನನಗೆ ಇಬ್ಬರ ಕಪಾಳಕ್ಕೂ ಬಿಗಿಯಬೇಕು ಎನಿಸಿತು. ಒಂದೇ ತಟ್ಟೆಯ ಎರಡು ಕಡೆ ಕೂತು ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರು ಸಾವನ್ನು ಬಡಿಸಿಕೊಳ್ಳುತ್ತಿದ್ದ ಈ ಜೋಡಿಯನ್ನು ಏನನ್ನಬೇಕು?

"ನೀನು ಹೆದರ್ಕೋತೀಯ ಅಂತ ಹೇಳಲಿಲ್ಲ ಕಣೇ" ಎಂದರು ಭಾವ.

ಅಕ್ಕ ಎಂದೂ ಗಂಡನೆದುರು ದನಿ ಏರಿಸಿದವಳಲ್ಲ. ಆವತ್ತು ಏರಿಸಿದಳು.

"ಹೆದರ್ಕೋತೀನಿ ರೀ! ಹೇಳಿದ್ರೂ ಹೆದರ್ಕೋತೀನಿ, ಹೇಳದಿದ್ರೂ ಹೆದರ್ಕೋತೀನಿ. ನನಗೆ ಹೆದರಿಕೆ ಆಗದಿರ್ಲಿ ಅಂತ ನೀವು ಸಾಯ್ಬೇಡಿ. ಈಗ ಹೇಳಿ. ಎಲ್ಲಿ ನೋವು?"

ಭಾವ ಇಂಜೆಕ್ಷನ್ ಸೂಜಿ ಇದ್ದ ಕೈಯಲ್ಲೇ ಅವಳ ಕೈ ಹಿಡಿದು ತಮ್ಮ ಮಂಡಿಯ ಮೇಲಿಟ್ಟುಕೊಂಡರು.

"ಎರಡೂ ಮಂಡಿ. ರಾತ್ರಿ ಮಗ್ಗುಲು ಬದಲಾಯಿಸೋಕೂ ಆಗಲ್ಲ" ಎಂದರು. "ಕಾಲು ಬಿದ್ದೇಹೋಗುತ್ತೆ, ನಿಮ್ಮಪ್ಪನ ಹಾಗೆ ನಾನೂ ನಿನ್ನ ಕೈಗೆ ಬೀಳ್ತೀನಿ ಅಂತ, ನನಗೂ ತುಂಬಾ ಹೆದರಿಕೆ ಆಗಿತ್ತು ಕಣೇ."