ಮೀನಣ್ಣನ ಬಲಗೈ

ಬೆಳಗಾದರೆ ಸಾಕು, ಎದುರು ಕಟ್ಟಡದ ತಾರಸಿಯ ನೀರಿನ ಟ್ಯಾಂಕು ತುಂಬಿ ಕೆಳಗಿನ ತಗಡಿನ ಮೇಲೆ ಸುರಿಯತೊಡಗುತ್ತದೆ. ಮೊದಲು ಟಪಟಪ, ಆಮೇಲೆ ಧಬಧಬ. ಮೋಟಾರು ನಿಲ್ಲಿಸಬೇಕಾದ ಪುಣ್ಯಾತ್ಮ ಯಾರೆಂದು ಆ ಬೀದಿಗೆ ಇವತ್ತಿಗೂ ಗೊತ್ತಿಲ್ಲ. ಮೀನಣ್ಣ ಆ ಸದ್ದಿಗೆ ಎದ್ದು, ಕಣ್ಣು ಉಜ್ಜಿಕೊಳ್ಳುವ ಮೊದಲು ಬಲಗೈ ನೋಡಿಕೊಳ್ಳುತ್ತಿದ್ದ. ತೋರುಬೆರಳಿನ ಗೆಣ್ಣಿನ ಮೇಲೆ ಹುಣಸೆಬೀಜದಷ್ಟು ಒಂದು ಗಂಟು. ಮಣಿಕಟ್ಟಿನ ಹತ್ತಿರ ಇನ್ನೊಂದು. ಮೊಳಕೈಗೆ ಹೋಗುವ ದಾರಿಯಲ್ಲಿ ಮೂರನೆಯದು, ನಿನ್ನೆಗಿಂತ ಕೆಂಪಗೆ. ನೋವಿಲ್ಲ, ಜ್ವರವಿಲ್ಲ. ನೋವಾದರೂ ಇದ್ದಿದ್ದರೆ ಬೈಯುವುದಕ್ಕೆ ಏನಾದರೂ ಸಿಗುತ್ತಿತ್ತು.

"ಏನಂತಾಳೋ ನನ್ನ ಮಗಳು?" ಪಕ್ಕದ ಕೋಣೆಯಿಂದ ಅಕ್ಕನ ವಿಚಾರಣೆ.

ಮಗಳೆಂದರೆ ಕಿಡ್ನಿ. ನಾಲ್ಕು ವರ್ಷದ ಹಿಂದೆ ತಮ್ಮನ ಎರಡು ಕಿಡ್ನಿಗಳೂ ಕೈಕೊಟ್ಟಾಗ ಅಕ್ಕ ತನ್ನದೊಂದನ್ನು ಕೊಟ್ಟಿದ್ದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುವ ಮಾತು ಅವಳ ಹತ್ತಿರ ನಡೆಯುವುದಿಲ್ಲ. ದಿನವೂ ಅದೇ ವಿಚಾರಣೆ: ಮಗಳಿಗೆ ನೀರು ಕುಡಿಸಿದೆಯಾ, ಮಾತ್ರೆ ತಪ್ಪಿಸಿಲ್ಲ ತಾನೆ, ಬಿಸಿಲಲ್ಲಿ ಸುತ್ತಿಸಬೇಡ. ಮೀನಣ್ಣ ನಲವತ್ತರ ಹೊಸ್ತಿಲಲ್ಲಿದ್ದರೂ ಆ ಮನೆಯಲ್ಲಿ ಅವನು ಬರೀ ಅಳಿಯ.

"ಚೆನ್ನಾಗಿದಾಳೆ."

"ಗಂಟು?"

"ಹಾಗೇ ಇದೆ."

"ಹಾಗೇ ಎಲ್ಲಿದೆ? ಒಂದೊಂದೇ ಸ್ಟಾಪ್ ದಾಟ್ಕೊಂಡು ಮೇಲಕ್ಕೆ ಹೋಗ್ತಿದೆ." ಅಕ್ಕ ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಅವಳ ಬಸ್ಸಿಗೆ ಉಳಿದಿದ್ದವನು ಒಬ್ಬನೇ ಪ್ರಯಾಣಿಕ.

ಎರಡು ತಿಂಗಳಲ್ಲಿ ಮೂವರು ಡಾಕ್ಟರರಿಗೆ ತೋರಿಸಿಯಾಗಿತ್ತು. ಮೊದಲನೆಯವರು ಕುರು ಅಂದರು. ಎರಡನೆಯವರು ಹುಳ ಕಚ್ಚಿರಬೇಕು ಅಂದರು. ಮೂರನೆಯವರು ಕೈಯನ್ನು ಮುಟ್ಟದೆ, ದೂರದಿಂದಲೇ ನೋಡಿ, ಫಂಗಸ್ ಎಂದು ಮುಲಾಮು ಬರೆದರು. ಕೆಳಗಿನ ಮನೆಯ ಟೈಲರ್ ತನ್ನ ಭಾವಮೈದನಿಗೆ ಗುಣವಾದ ಇನ್ನೊಂದು ಮುಲಾಮು ತಂದುಕೊಟ್ಟ. ಆ ಭಾವಮೈದನಿಗೆ ಆಗಿದ್ದದ್ದು ಏನು ಎಂದರೆ ಟೈಲರನಿಗೂ ಗೊತ್ತಿರಲಿಲ್ಲ. ಬೀದಿಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಐದು ಜನ ತೋಳು ಹಿಡಿದು ತಿರುಗಿಸಿ ನೋಡುತ್ತಿದ್ದರು. ಮೀನಣ್ಣನಿಗೆ ತನ್ನ ಕೈ ಸಾರ್ವಜನಿಕ ನಲ್ಲಿಯ ಹಾಗೆ ಕಾಣತೊಡಗಿತ್ತು.

ಇಷ್ಟೆಲ್ಲ ಜನ ಏನೇನೋ ಕೇಳಿದರು. ಏನು ಕೆಲಸ ಮಾಡುತ್ತೀಯ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು ಎಂದು ಅವನೂ ಬಾಯಿ ಬಿಡಲಿಲ್ಲ.

ಹದಿನಾರನೇ ವಯಸ್ಸಿಗೆ ಅವನು ಬಣ್ಣದ ಮೀನಿನ ಅಂಗಡಿ ಸೇರಿದ್ದ. ಗಾಜಿನ ತೊಟ್ಟಿ ತೊಳೆಯುವುದರಲ್ಲಿ ಅವನ ಕೈಯನ್ನು ಮೀರಿಸಿದವರಿಲ್ಲ. ಪಾಚಿ ಕಣ್ಣಿಗೆ ಕಾಣುವ ಮೊದಲೇ ಅವನ ಬೆರಳಿಗೆ ತಿಳಿಯುತ್ತಿತ್ತು. ಮೊಳಕೈ ಮುಳುಗುವವರೆಗೆ ಕೈ ಬಿಟ್ಟರೂ ಮೀನು ಬೆಚ್ಚುತ್ತಿರಲಿಲ್ಲ, ನೀರಿನಲ್ಲಿ ಇನ್ನೊಂದು ಗಿಡ ಬಂದಿತು ಅನ್ನುವ ಹಾಗೆ ಸುತ್ತ ಓಡಾಡಿಕೊಂಡಿರುತ್ತಿತ್ತು. ಹೊಸ ಕಿಡ್ನಿ ಬಂದ ಮೇಲೆ ಕಿಡ್ನಿ ಡಾಕ್ಟರು ಅದಕ್ಕೆ ಕಡಿವಾಣ ಹಾಕಿದರು. ಬೇರೆಯವರ ಕಿಡ್ನಿಯನ್ನು ದೇಹ ಹೊರಗೆ ದಬ್ಬದಿರಲಿ ಎಂದು ಕೊಡುವ ಮಾತ್ರೆ ದೇಹದ ಕಾವಲುಗಾರನನ್ನೇ ಮಲಗಿಸುತ್ತದೆ, ಇನ್ನು ತೊಟ್ಟಿಯ ನೀರಿಗೆ ಬರಿಗೈ ಹಾಕಕೂಡದು ಎಂದರು. ಅಕ್ಕ ಅಲ್ಲೇ, ಆಸ್ಪತ್ರೆಯ ಮಂಚದ ಪಕ್ಕದಲ್ಲೇ, ಅವನಿಂದ ಮಾತು ತೆಗೆದುಕೊಂಡಳು. ಅವನು ಅಂಗಡಿಯಲ್ಲಿ ಬಿಲ್ ಬರೆಯಲು ಕೂತ.

ಎಂಟು ತಿಂಗಳು ಕೂತ. ಒಂದು ದಿನ ಹಲ್ಲಿನ ಡಾಕ್ಟರರ ತೊಟ್ಟಿಯಲ್ಲಿ ಮೀನು ಸಾಯುತ್ತಿವೆ ಎಂದು ಫೋನು ಬಂತು. ಒಂದೇ ಒಂದು ಸಲ ಎಂದು ಹೋದ. ಕೈಗವಸು ಹಾಕಿದರೆ ಬೆರಳು ಕುರುಡಾಗುತ್ತದೆ ಎಂದು ತೆಗೆದಿಟ್ಟ. ಒಂದು ಎರಡಾಗಿ, ಎರಡು ಹನ್ನೊಂದು ತೊಟ್ಟಿಯಾಯಿತು. ಮೂರು ತಿಂಗಳ ಕೆಳಗೆ ಅದರಲ್ಲೊಂದರ ಒರಟು ಕಲ್ಲಿಗೆ ಗೆಣ್ಣು ತರಚಿತ್ತು.

ಆ ಒಂದು ತೊಟ್ಟಿ ಇದ್ದದ್ದು ಊರಿಗೆಲ್ಲ ಹೆಸರಾದ ಚರ್ಮದ ಡಾಕ್ಟರರ ಕ್ಲಿನಿಕ್ಕಿನಲ್ಲಿ. ಹಾಗಾಗಿ ಮೂವರು ಡಾಕ್ಟರರ ಬಾಗಿಲು ತಟ್ಟಿದ ಮೀನಣ್ಣ, ಮನೆಯಿಂದ ಎರಡೇ ಬೀದಿ ಆಚೆಗಿದ್ದ ಅವರೊಬ್ಬರ ಹತ್ತಿರ ಹೋಗಲಿಲ್ಲ. ಅವರ ಕೈಗುಣ ಚೆನ್ನಾಗಿಲ್ಲವಂತೆ ಎಂದ. ತುಂಬ ಹೊತ್ತು ಕಾಯಿಸುತ್ತಾರಂತೆ ಎಂದ. ಮೂರನೇ ಗಂಟು ಕಂಡ ದಿನ ಅಕ್ಕ ಅವನನ್ನು ಕೇಳದೆ ಅಲ್ಲಿಗೇ ಚೀಟಿ ಮಾಡಿಸಿ ಬಂದಳು.

ಅವನಿಗಿದ್ದ ಧೈರ್ಯ ಒಂದೇ. ಅಲ್ಲಿ ಅವನ ಗುರುತಿದ್ದದ್ದು ಬೆಳಿಗ್ಗೆ ಬಾಗಿಲು ತೆಗೆದು ಕಸ ಗುಡಿಸುವವಳಿಗೆ ಮಾತ್ರ, ಅವಳು ಹತ್ತಕ್ಕೆಲ್ಲ ಹೊರಟುಬಿಡುತ್ತಾಳೆ. ಇವರ ಸರದಿ ಹನ್ನೊಂದಕ್ಕಿತ್ತು. ಅಕ್ಕ ತೊಟ್ಟಿಯ ಎದುರಿನ ಕುರ್ಚಿಯಲ್ಲೇ ಕೂತಳು.

"ನೋಡೋ, ಎಷ್ಟು ಸ್ವಚ್ಛವಾಗಿ ಇಟ್ಟಿದಾರೆ. ಯಾರೋ ಕಸುಬು ಗೊತ್ತಿರೋನು ತೊಳೆದಿರೋದು."

ಮೀನಣ್ಣ ಚಾವಣಿ ನೋಡಿದ.

ಒಳಗೆ ಡಾಕ್ಟರು ಕೈಯನ್ನು ದೀಪದ ಕೆಳಗಿಟ್ಟು, ಗಂಟಿನಿಂದ ಗಂಟಿಗೆ ಹೆಬ್ಬೆರಳು ಓಡಿಸಿದರು. ಕಿಡ್ನಿಯ ಕಡತ ತಿರುವಿದರು. ಆಮೇಲೆ ಕೇಳಿದರು, "ಏನು ಕೆಲಸ ನಿಮ್ದು?"

ಅಕ್ಕನೇ ಉತ್ತರಿಸಿದಳು. "ಮೀನಿನ ಅಂಗಡೀಲಿ ಬಿಲ್ ಬರೀತಾನೆ."

"ತೊಟ್ಟಿ ನೀರು ಮುಟ್ತಾರಾ?"

"ಇಲ್ಲ. ನಾಲ್ಕು ವರ್ಷದಿಂದ ಒಂದು ಹನಿ ಮುಟ್ಟಿಲ್ಲ. ಅದಕ್ಕೆ ನಾನು ಗ್ಯಾರಂಟಿ."

"ಹಾಗಾದ್ರೆ ನಾನು ಅಂದ್ಕೊಂಡಿದ್ದು ಇದಲ್ಲ," ಎಂದು ಡಾಕ್ಟರು ಪೆನ್ನು ತೆರೆದರು.

ಮೀನಣ್ಣ ಪೆನ್ನು ಕಾಗದದ ಮೇಲೆ ಇಳಿಯುವುದನ್ನು ನೋಡಿದ. ನಾಲ್ಕನೇ ತಪ್ಪು ಔಷಧ. ಇದಕ್ಕೆ ಅಕ್ಕನ ಗ್ಯಾರಂಟಿ ಬೇರೆ. ಅವನಿಗೆ ತನ್ನ ಮೇಲೆ ಎಷ್ಟು ರೇಜಿಗೆ ಹುಟ್ಟಿತೆಂದರೆ, ಮಾತು ಜಗಳದ ದನಿಯಲ್ಲೇ ಹೊರಬಿತ್ತು.

"ಹೊರಗಿರೋ ನಿಮ್ಮ ತೊಟ್ಟಿ ಇದೆಯಲ್ಲ ಸಾರ್, ಅದನ್ನ ತೊಳೆಯೋನು ನಾನೇ. ಬರಿಗೈಲಿ."

ಅಕ್ಕ ತಿರುಗಲಿಲ್ಲ. ಗೋಡೆಯ ಕ್ಯಾಲೆಂಡರನ್ನು ಓದುವವಳ ಹಾಗೆ ಕೂತಿದ್ದಳು.

ಡಾಕ್ಟರು ಪೆನ್ನು ಮುಚ್ಚಿದರು. ತೊಟ್ಟಿಯ ನೀರಿನಲ್ಲಿ ಇರುವ ಒಂದು ಬ್ಯಾಕ್ಟೀರಿಯಾ ಇದು, ತರಚಿದ ಜಾಗದಲ್ಲಿ ಒಳಗೆ ಹೋಗುತ್ತದೆ ಎಂದರು. ಬೇರೆಯವರಲ್ಲಿ ಎಷ್ಟೋ ಸಲ ಒಂದು ಗಂಟಿಗೇ ನಿಲ್ಲುತ್ತದೆ, ನಿಮ್ಮಂಥವರಲ್ಲಿ ತಡೆಯುವವರಿಲ್ಲದೆ ಮೇಲೆ ಹತ್ತುತ್ತದೆ, ಬಿಟ್ಟರೆ ಕೀಲಿಗೂ ಮೂಳೆಗೂ ಇಳಿಯುತ್ತದೆ. ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು, ವರದಿಗೆ ವಾರಗಟ್ಟಲೆ ಕಾಯಬೇಕು. ಮಾತ್ರೆ ತಿಂಗಳುಗಟ್ಟಲೆ. ಅದೂ ಕಿಡ್ನಿ ಡಾಕ್ಟರನ್ನು ಕೇಳಿಯೇ ಕೊಡಬೇಕು, ಕೆಲವು ಮಾತ್ರೆ ಕಿಡ್ನಿ ಕಾಯುವ ಮಾತ್ರೆಯ ಬಲವನ್ನೇ ತಗ್ಗಿಸುತ್ತವೆ.

"ಆ ಮೂರು ಜನ ಕೆಲಸ ಏನು ಅಂತ ಕೇಳ್ಲಿಲ್ವಾ?"

"ಇಲ್ಲ ಸಾರ್."

"ನೀವೂ ಹೇಳ್ಲಿಲ್ಲ."

"ಇಲ್ಲ ಸಾರ್."

ಮೆಟ್ಟಿಲಿಳಿಯುವಾಗ ಅಕ್ಕ ಕೇಳಿದಳು, "ಎಷ್ಟು ತೊಟ್ಟಿ?"

"ಹನ್ನೊಂದು."

"ಟಿಕೆಟ್ ಇಲ್ಲದೋರ್ನ ಮುಖ ನೋಡೇ ಹಿಡೀತಿದ್ದೆ ನಾನು. ಮನೇಲೇ ಒಬ್ಬ ಮೂರು ವರ್ಷದಿಂದ ಪುಕ್ಕಟೆ ಓಡಾಡ್ತಿದಾನೆ."

"ಮೀನು ಸಾಯ್ತಿದ್ವು, ಅಕ್ಕ."

"ಸಾಯ್ಲಿ ಅಂತ ನಾನು ಅಂದ್ನಾ? ಹೇಳ್ಬೇಕಿತ್ತು ಅಂದೆ." ಕೊನೆಯ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಂಡಳು. "ನನಗೇನು ಕೈಯಿಲ್ವಾ?"

ಡಾಕ್ಟರು ಊಹಿಸಿದ್ದನ್ನೇ ವರದಿ ಹೇಳಿತು. ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಮೇಲಿನ ಗಂಟು ಚಪ್ಪಟೆಯಾಯಿತು, ಬೆರಳಿನದು ಇನ್ನೂ ಹಟ ಹಿಡಿದು ಕೂತಿತ್ತು. ಅಷ್ಟರಲ್ಲಿ ಅಕ್ಕ ಮೊಳಕೈವರೆಗೆ ಬರುವ ಕೈಗವಸು ಕೊಂಡು ಹನ್ನೊಂದು ತೊಟ್ಟಿಗಳನ್ನೂ ವಹಿಸಿಕೊಂಡಿದ್ದಳು. ಒಪ್ಪಂದ ಇಷ್ಟು: ಅವನು ದೂರ ಕೂತು ಹೇಳಬೇಕು, ಅವಳು ಮಾಡಬೇಕು. ಅದನ್ನು ನೋಡುತ್ತ ಕೂರುವುದು ಕಾಯಿಲೆಗಿಂತ ಕಷ್ಟ ಎಂದು ಅವನಿಗೆ ಮೊದಲ ವಾರವೇ ತಿಳಿದುಹೋಯಿತು.

ಇವತ್ತು ಹಲ್ಲಿನ ಡಾಕ್ಟರರ ಕ್ಲಿನಿಕ್ಕು. ಅಕ್ಕ ಸ್ಟೂಲಿನ ಮೇಲೆ ನಿಂತು ತೊಟ್ಟಿಯೊಳಗೆ ಎರಡೂ ಕೈ ಇಳಿಸಿದ್ದಳು. "ಹಿಂದೆ ಸರೀರಿ, ಜಾಗ ಬಿಡಿ, ಒಳಗೆ ಖಾಲಿ ಇದೆ," ಎಂದು ಮೀನುಗಳಿಗೆ ಹೇಳುತ್ತಿದ್ದಳು. ಮೀನುಗಳೆಲ್ಲ ಹೆದರಿ ಒಂದು ಮೂಲೆಗೆ ಒತ್ತಿಕೊಂಡಿದ್ದವು.

"ಎಲ್ಲಾ ಕಲ್ಲು ಒಟ್ಟಿಗೆ ಎತ್ಬೇಡ. ನೀರು ಕದಡುತ್ತೆ."

"ಕದಡಿದ್ರೆ ತಿಳಿಯಾಗುತ್ತೆ."

"ಆ ಮೂಲೇಲಿ ಪಾಚಿ ಉಳೀತು. ಅಲ್ಲ, ಎಡಕ್ಕೆ. ಅಕ್ಕ, ನಿನ್ನ ಎಡ."

"ನನಗೇನೂ ಕಾಣಿಸ್ತಿಲ್ಲ."

"ಕಾಣಿಸಲ್ಲ ಅದು. ಬೆರಳಿಗೆ ಜಾರುತ್ತೆ."

"ಗವಸಿಗೆ ಏನೂ ಜಾರ್ತಿಲ್ಲ, ಮಹಾರಾಯ."

ಮೀನಣ್ಣ ಯಾವಾಗ ಎದ್ದನೋ ಅವನಿಗೇ ಗೊತ್ತಿಲ್ಲ. ಅಂಗಿಯ ಬಲತೋಳು ಆಗಲೇ ಮೊಳಕೈವರೆಗೆ ಮಡಚಿಹೋಗಿತ್ತು. ಅಕ್ಕ ನೋಡಿದಳು. ನೀರಿನಲ್ಲಿದ್ದ ಅವಳ ಕೈ ನಿಂತಿತು. ಅವನು ತೋಳನ್ನು ಕೆಳಗೆಳೆದು, ಗುಂಡಿ ಹಾಕಿಕೊಂಡು, ಕೈಯನ್ನು ಕಂಕುಳಲ್ಲಿ ಅದುಮಿಕೊಂಡ.

"ಮೆಲ್ಲಗೆ ಉಜ್ಜು ಅಂದ್ರೆ ಮೆಲ್ಲಗೆ, ಗಾಜಿಗೆ ಕೈ ಒತ್ತಬೇಡ, ಮೊದ್ಲು ಮೀನು ನಿನ್ನ ಕೈಯನ್ನ ಮರೀಬೇಕು, ಅಲ್ಲೀವರೆಗೂ ಸುಮ್ನೆ ಇಟ್ಕೊಂಡಿದ್ದು, ಆಮೇಲೆ ಕೆಳಗಿಂದ" ಎನ್ನುತ್ತಲೇ, ಇನ್ನು ಅಲ್ಲಿ ನಿಂತರೆ ಕೈ ಕೇಳದು ಎಂದು ಅವನು ಬೆನ್ನು ತಿರುಗಿಸಿ, ಬಾಗಿಲು ತಳ್ಳಿಕೊಂಡು ಬೀದಿಗೆ ಇಳಿದುಬಿಟ್ಟ.