ಚಿಗಳಿ ಡಬ್ಬಿಗೆ ಬೀಗ

ಹೋದ ವಾರ ಅತ್ತೆ ನಲ್ಲೂರಿನ ಹುಣಸೆಹಣ್ಣಿನಲ್ಲಿ ಚಿಗಳಿ ಕುಟ್ಟಿ ತಂದರು. ಮುಚ್ಚಳ ತೆಗೆದಾಗ ಹುಣಸೆ, ಬೆಲ್ಲ, ಜೀರಿಗೆ ಕಲೆತ ವಾಸನೆಯ ಜೊತೆಗೇ ನಮ್ಮ ಕಾಲೇಜಿನ ಕಂಪ್ಯೂಟರ್ ಮೇಡಂ ನೆನಪಾದರು. ನೆನಪಾದದ್ದೆಲ್ಲ ನಡೆದದ್ದೇ ಎಂದು ಆಣೆ ಮಾಡಲಾರೆ. ಅವರ ಚಿಗಳಿ ಡಬ್ಬಿ ಸ್ಟೀಲಿನದು ಎಂದು ನನ್ನ ನೆನಪು. ಹಳೆಯ ಡೈರಿಯಲ್ಲಿ ನಾನೇ ‘ಹಿತ್ತಾಳೆ’ ಎಂದು ಬರೆದಿದ್ದೇನೆ... ಇಬ್ಬರಲ್ಲಿ ಯಾರನ್ನು ನಂಬುವುದೋ.

ದೇವನಹಳ್ಳಿಯಲ್ಲಿ ಇದೇ ಅತ್ತೆಯ ಮನೆಯ ಮಹಡಿ ಕೋಣೆಯಲ್ಲಿ ಮೇಡಂ ಬಾಡಿಗೆಗಿದ್ದರು, ಒಬ್ಬರೇ. ಕಾಲೇಜಿಗೆಂದು ನಾನೂ ಅದೇ ಮನೆಯಲ್ಲಿ, ಕೆಳಗೆ ಇದ್ದೆ.

ನನ್ನ ಪ್ರೋಗ್ರಾಮುಗಳಲ್ಲಿ ಡೇಟಾ ಎಲ್ಲವೂ ಪಬ್ಲಿಕ್. ಎಲ್ಲಿಂದ ಬೇಕಾದರೂ ಮುಟ್ಟಬಹುದು, ತಿದ್ದಬಹುದು. ಕೆಲಸ ಬೇಗ ಮುಗಿಯುತ್ತಿತ್ತು. ಅದನ್ನು ನೋಡಿದ ಮೇಡಂ ಚಿಗಳಿ ಡಬ್ಬಿಯನ್ನು ತೆರೆದು ಲ್ಯಾಬಿನ ಮೇಜಿನ ಮೇಲಿಟ್ಟು ಹೊರಗೆ ಹೋದರು. ವಾಪಸ್ ಬಂದಾಗ ಚಿಗಳಿ ಇರಲಿಲ್ಲ. ಒಳಗೆ ಸೀಮೆಸುಣ್ಣದ ತುಂಡು ಮತ್ತು ಯಾರದೋ ಬಸ್ ಟಿಕೆಟ್ ಇದ್ದವು.

“ಇದು ಪಬ್ಲಿಕ್,” ಎಂದರು.

ಮರುದಿನ ಡಬ್ಬಿಗೆ ಬೀಗ ಬಿತ್ತು. ಪ್ರೋಗ್ರಾಮ್ ಸರಿಯಾಗಿ ಓಡಿದವರಿಗೆ ಮಾತ್ರ ಅವರೇ ತೆಗೆದು ಒಂದು ಚಿಗಳಿ ಕೊಡುತ್ತಿದ್ದರು. “ಇದು ಪ್ರೈವೇಟ್. ಒಳಗೆ ಎಷ್ಟಿದೆ ಅಂತ ನಿಮ್ಗೆ ಬೇಕಾಗಿಲ್ಲ. ಕೇಳೋಕೊಂದು ಫಂಕ್ಷನ್ ಇದೆಯಲ್ಲ, ಅದು ನಾನು.”

“ಹಂಗಾದ್ರೆ ಎಲ್ಲಾನೂ ಪ್ರೈವೇಟ್ ಮಾಡ್ಬಿಡ್ಲಾ ಮೇಡಂ?”

“ಹೆಸರನ್ನೂ ಮುಚ್ಚಿಟ್ರೆ ನಿನ್ನ ಏನಂತಮ್ಮ ಕೂಗೋದು? ಯೋಚನೆ ಮಾಡಿ ಆರಿಸ್ಕೋ. ಒಂದ್ಸಲ ಪಬ್ಲಿಕ್ ಮಾಡಿದ್ದನ್ನ ವಾಪಸ್ ತಗೊಳ್ಳೋದು ಕಷ್ಟ ಕಣಮ್ಮ.”

ಅತ್ತೆಯಲ್ಲಿ ಪ್ರೈವೇಟ್ ಎಂಬ ವಿಭಾಗವೇ ಇರಲಿಲ್ಲ. ಮಾವನ ಮೂಲವ್ಯಾಧಿಯ ಏರಿಳಿತ ಹಾಲಿನವನಿಗೂ ಗೊತ್ತಿತ್ತು. ಕುಂದಾಣದಲ್ಲಿದ್ದ ತಮ್ಮ ಮೈದುನನ ಮಗನಿಗೆ ಮೇಡಮ್ಮನ್ನು ತರಬೇಕೆಂದು ಅವರಿಗೆ ಹೊಳೆಯಿತು. ವಯಸ್ಸು ಕೇಳಿದರೆ ಮೇಡಂ “ಆಯ್ತಲ್ಲ, ಸಾಕಷ್ಟು” ಎಂದರು. ಮದುವೆ ಎಂದರೆ “ನೋಡೋಣ.”

“ಬಾಯೇ ಬಿಡಲ್ವಲ್ಲೇ ನಿಮ್ಮ ಮೇಡಮ್ಮು!”

“ಅದು ಅವ್ರ ಪ್ರೈವೇಟ್ ಅತ್ತೆ.”

“ಮನೆ ನಂದು ಕಣೇ, ಅದ್ಯಾವ ಪ್ರೈವೇಟು?”

ಒಂದು ಶನಿವಾರ ಕೋಟೆಯ ದೇವಸ್ಥಾನದಲ್ಲಿ ಮೇಡಂ ಅರ್ಚನೆ ಮಾಡಿಸುವಾಗ ಅತ್ತೆ ಕಂಬದ ಹಿಂದೆ ನಿಂತಿದ್ದರಂತೆ. ಎಂಥವರೂ ಅರ್ಚಕರೆದುರು ಹೆಸರು, ನಕ್ಷತ್ರ, ರಾಶಿ ಬಾಯಿಬಿಟ್ಟು ಹೇಳಲೇಬೇಕಲ್ಲ. ಹೆಸರು ಗಂಟೆಯ ಸದ್ದಿನಲ್ಲಿ ಮುಳುಗಿತು. “ಅನುರಾಧಾ ನಕ್ಷತ್ರ, ವೃಶ್ಚಿಕ ರಾಶಿ” ಮಾತ್ರ ಕಿವಿಗೆ ಬಿತ್ತು. ಅತ್ತೆ ಸೀದಾ ಜೋಯಿಸರ ಮನೆಗೆ ಹೋದರು. ಹುಡುಗನ ಜಾತಕದ ಜೊತೆ ಅದು ಎಷ್ಟು ಚೆನ್ನಾಗಿ ಕೂಡಿಬಂತೆಂದರೆ, ಗಂಡಿನ ಕಡೆಯವರಿಗೆ ಭಾನುವಾರ ಬರಲು ಹೇಳಿ, ಉಪ್ಪಿಟ್ಟಿಗೆ ರವೆ ಹುರಿದಿಟ್ಟು, ಆಮೇಲೆ ಮಹಡಿ ಹತ್ತಿದರು, ಹೆಣ್ಣಿಗೆ ವಿಷಯ ತಿಳಿಸಲು.

ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ. “ಅದು ನನ್ನ ನಕ್ಷತ್ರ ಅಲ್ಲ ಕಣ್ರೀ,” ಎಂದು ಮೇಡಂ ನಕ್ಕದ್ದು ಕೇಳಿಸಿತು. ಆಮೇಲೆ ಬಾಗಿಲು ಮುಚ್ಚಿಕೊಂಡಿತು. ಬಹಳ ಹೊತ್ತು... ಅಥವಾ ನನಗೆ ಹಾಗನ್ನಿಸಿತೋ ಏನೋ. ಅತ್ತೆ ಇಳಿದು ಬಂದವರೇ ಕುಂದಾಣಕ್ಕೆ ಫೋನ್ ಮಾಡಿ, ಬರಬೇಡಿ ಎಂದರು. ಯಾಕೆಂದು ಯಾರಿಗೂ ಹೇಳಲಿಲ್ಲ. ಅಷ್ಟೂ ರವೆಯ ಉಪ್ಪಿಟ್ಟನ್ನು ಮನೆಯವರೇ ತಿಂದು ತೀರಿಸಬೇಕಾಯಿತು. ಮುಂದಿನ ಶನಿವಾರದಿಂದ ಅತ್ತೆ ಕಂಬದ ಹಿಂದೆ ನಿಲ್ಲಲಿಲ್ಲ. ಅರ್ಚನೆಯ ತಟ್ಟೆ ಹಿಡಿದು ಮೇಡಂ ಜೊತೆಯಲ್ಲೇ ಹೋಗತೊಡಗಿದರು.

ಮೇಡಂ ತೀರಿಕೊಂಡು ವರ್ಷವಾಗುತ್ತಾ ಬಂತು. ಸುದ್ದಿ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಅದರ ಕೆಳಗೆ ಸಾಲಾಗಿ ಮುಗಿದ ಕೈಗಳು. ಅವರಿಗೆ ಯಾರಿದ್ದರು, ಯಾರಿಗೆ ಸಾಂತ್ವನ ಹೇಳಬೇಕು ಎಂಬುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಹೋದ ವಾರ ಚಿಗಳಿ ಚೀಪುತ್ತಾ ಅತ್ತೆಯನ್ನು ಕೇಳಿಯೇಬಿಟ್ಟೆ. ಅಲ್ಲಿಯವರೆಗೆ ಪಕ್ಕದ ಮನೆ ಸೊಸೆಯ ಥೈರಾಯ್ಡಿನ ಬಗ್ಗೆ ಎಡೆಬಿಡದೆ ವರದಿ ಒಪ್ಪಿಸುತ್ತಿದ್ದವರು ತಟ್ಟನೆ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. ನಾನು ಕೇಳಿದ್ದು ಇಷ್ಟೇ:

“ಅತ್ತೆ, ಆ ಅನುರಾಧಾ ನಕ್ಷತ್ರ ಯಾರದ್ದು?”