ಚಪ್ಪಲಿ ಸರಿಸಲು ಹೋದವಳು

ನಿಮ್ಮ ಚರ್ಚಿನ ಗೋಡೆಯ ಮೇಲೊಂದು ಹಳೆಯ ಗುಂಪು ಫೋಟೋ ಇದ್ದೇ ಇರುತ್ತದೆ. ಅದರಲ್ಲಿ ಯಾರಿದ್ದಾರೆ ಎಂದು ಬೆರಳಿಟ್ಟು ಹುಡುಕಿದ್ದೀರಿ. ಯಾರಿಲ್ಲ ಎಂದು ಒಮ್ಮೆಯಾದರೂ ಕೇಳಿಕೊಂಡಿದ್ದೀರಾ?

ತೊಂಬತ್ತರ ದಶಕದ ಭದ್ರಾವತಿಯಲ್ಲಿ ನಮ್ಮ ಹೊತ್ತುಗೊತ್ತುಗಳನ್ನು ಎರಡೇ ಸದ್ದುಗಳು ನಿರ್ಧರಿಸುತ್ತಿದ್ದವು: ಕಾರ್ಖಾನೆಯ ಸೈರನ್ ಮತ್ತು ಚರ್ಚಿನ ಗಂಟೆ. ಕ್ವಾರ್ಟರ್ಸಿನ ಮಕ್ಕಳಾದ ನಾವು ಶನಿವಾರ ಮಧ್ಯಾಹ್ನ ಚರ್ಚಿನ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಜಗಲಿಯಲ್ಲಿ ಅನ್ನಮ್ಮ ಪಾಟಿ ಕೂತಿರುತ್ತಿದ್ದಳು. ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ಮಕ್ಕಳನ್ನೆಲ್ಲ ಅವಳು ತಮಿಳರ ರೂಢಿಯಂತೆ ಮುದ್ದಿಗೆ 'ಕಣ್ಣು' ಎಂದೇ ಕರೆಯುತ್ತಿದ್ದಳು. ಗಂಡನ ಕಾರ್ಖಾನೆ ಕೆಲಸದ ಬೆನ್ನು ಹಿಡಿದು ಸೇಲಂ ಕಡೆಯಿಂದ ಬಂದವಳು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದಳು.

ಈಸ್ಟರ್‌ಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ ಹಿಂದಿನ ದಿನ ಆ ಜಗಲಿ ಅವಳ ಸಾಮ್ರಾಜ್ಯ. ತೆಂಗಿನ ಎಳೆಗರಿಗಳನ್ನು ಸೀಳಿ, ಮಡಚಿ, ಸಿಕ್ಕಿಸಿ, ನೋಡನೋಡುತ್ತಿದ್ದಂತೆ ಪುಟ್ಟ ಶಿಲುಬೆ ಮಾಡಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ನಾವು ಮಾಡಿದ್ದು ಬಿಚ್ಚಿಕೊಂಡರೆ, "ನಿನ್ ಶಿಲುಬೆ ಪೂಜೆ ಮುಗಿಯೋ ತನಕ ನಿಲ್ಲಲ್ಲ ಕಣ್ಣು, ನಿನ್ ಹಾಗೇ ಅದೂ ಚಂಚಲ" ಎಂದು ನಗುತ್ತ ಬಾಯಿಗೆ ಹುರಿಗಡಲೆ, ಬೆಲ್ಲ ತುರುಕುತ್ತಿದ್ದಳು. ಆ ಶಿಲುಬೆಗಳು ವರ್ಷವಿಡೀ ಎಲ್ಲರ ಮನೆಯ ಬಾಗಿಲ ಮೇಲೆ ಒಣಗುತ್ತಿದ್ದವು. ಮರುವರ್ಷ, ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾಗುವ ಮುಂಚೆ, ಅವಳೇ ಬುಟ್ಟಿ ಹಿಡಿದು ಮನೆಮನೆಗೆ ಬಂದು ಅವನ್ನು ಇಳಿಸಿಕೊಂಡು ಹೋಗಿ, ಕಬ್ಬಿಣದ ಬಾಣಲೆಯಲ್ಲಿ ಸುಟ್ಟು, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸುತ್ತಿದ್ದಳು. ಆ ಕಾಲದ ಮೊದಲ ದಿನವಾದ ವಿಭೂತಿ ಬುಧವಾರ ನಮ್ಮೆಲ್ಲರ ಹಣೆಗೆ ಫಾದರ್ ಹಚ್ಚುತ್ತಿದ್ದುದು ಆ ಬೂದಿಯನ್ನೇ.

ನನಗೆ ಹನ್ನೊಂದಾಗಿದ್ದಾಗ ಚರ್ಚಿಗೆ ಇಪ್ಪತ್ತೈದು ತುಂಬಿತು. ಜನವರಿಯ ಒಂದು ಭಾನುವಾರ, ಬಲಿಪೂಜೆಯ, ಅಂದರೆ ಮಾಸ್‌ನ, ನಂತರ, ಸಭೆಗಾಗಿ ದುಡಿದವರೆಲ್ಲರ ಫೋಟೋ ತೆಗೆಯುವುದೆಂದು ಪ್ರಕಟಣೆಯಾಯಿತು. "ಎಲ್ಲರೂ ಬನ್ನಿ" ಎಂದೇ ಓದಿದರು. ಪಾಟಿ ಆ ದಿನ ಟ್ರಂಕಿನ ತಳದಿಂದ ಹಸಿರು ರೇಷ್ಮೆ ಸೀರೆ ತೆಗೆದು ಉಟ್ಟು ಬಂದಿದ್ದಳು. ಮಾರು ದೂರಕ್ಕೆ ನುಸಿಗುಳಿಗೆಯ ವಾಸನೆ.

"ಏನ್ ಪಾಟಿ, ಮದುವೆ ಹೆಣ್ಣಾ?" ಎಂದು ಅಮ್ಮ ಕೆಣಕಿದರು.

"ನಂದು ಒಂದು ಫೋಟೋನೂ ಇಲ್ಲಮ್ಮ. ಸತ್ತರೆ ಮಾಲೆ ಯಾವುದಕ್ಕೆ ಹಾಕ್ತೀರ?"

ಸಮಿತಿಯವರು ಕುರ್ಚಿಗಳಲ್ಲಿ ಕೂತರು. ಮಿಕ್ಕವರು ಹಿಂದೆ ನಿಂತರು. ಗಾಯನ ತಂಡದ ಮಕ್ಕಳಾದ ನಾವು ಮುಂದೆ ನೆಲದ ಮೇಲೆ. ಪಾಟಿ ಎಡತುದಿಯಲ್ಲಿ, ಸೆರಗು ಸರಿಮಾಡಿಕೊಂಡು ನಿಂತಿದ್ದಳು. ಫೋಟೋದವನು ಕ್ಯಾಮೆರಾಕ್ಕೆ ಕಣ್ಣಿಡುವಷ್ಟರಲ್ಲಿ ಸಮಿತಿಯ ಕಾರ್ಯದರ್ಶಿ ಕುರ್ಚಿಯಿಂದ ಏಳದೆಯೇ ಹೇಳಿದರು: "ಅನ್ನಮ್ಮ, ಮೆಟ್ಟಿಲ ಹತ್ರ ಇರೋ ಆ ಚಪ್ಪಲಿಗಳನ್ನ ಒಂಚೂರು ಆ ಕಡೆ ಹಾಕಮ್ಮ. ಫೋಟೋದಲ್ಲಿ ಅಸಹ್ಯ ಕಾಣುತ್ತೆ."

ಅವಳು ಹೋದಳು. ಚಪ್ಪಲಿಗಳು ಒಂದೆರಡು ಜೊತೆಯಲ್ಲ, ಇಡೀ ಸಭೆಯವು. ಅವಳು ಬಗ್ಗಿ ಎತ್ತಿಡುತ್ತಿರುವಾಗಲೇ ಕ್ಯಾಮೆರಾ ಕ್ಲಿಕ್ ಎಂದಿತು.

"ಅಂಕಲ್, ಪಾಟಿ ಬಂದಿಲ್ಲ," ಎಂದೆ ನಾನು.

"ಅವಳು ಯಾವ ಸಮಿತಿಯಮ್ಮ?" ಎಂದರು ಕಾರ್ಯದರ್ಶಿ. ಕುರ್ಚಿಗಳ ಸಾಲು ನಕ್ಕಿತು. ರೀಲಿನಲ್ಲಿ ಇನ್ನೊಂದು ಉಳಿದಿದೆ ಎಂದು ಫೋಟೋದವನು ಹೇಳಿದ. ಅದನ್ನು ಊಟದ ಪಂಕ್ತಿಗೆ ಇಟ್ಟುಕೊಳ್ಳಲು ಅವರು ಆಜ್ಞಾಪಿಸಿದರು.

ಪಾಟಿ ಧೂಳಾದ ಕೈಗಳನ್ನು ಸೀರೆಗೆ ತಾಗದಂತೆ ದೂರ ಹಿಡಿದು ವಾಪಸು ಬಂದಾಗ ಕುರ್ಚಿಗಳು ಖಾಲಿಯಾಗಿದ್ದವು. "ಆಗೋಯ್ತಾ?" ಎಂದಷ್ಟೇ ಕೇಳಿದಳು.

ಎರಡು ವಾರದ ಮೇಲೆ ಫೋಟೋ ಬಂತು. ಪಾಟಿಯ ಕಣ್ಣಿಗೆ ಪೊರೆ ಬಂದಿತ್ತು. ನನ್ನ ಕಿವಿಯ ಬಳಿ ಬಂದು, "ನನ್ನ ಸೆರಗಾದ್ರೂ ಬಿದ್ದಿದೆಯಾ ನೋಡು ಕಣ್ಣು" ಎಂದಳು. ಹುಡುಕಿದೆ. ಎಡಅಂಚಿನಲ್ಲಿ, ಮೆಟ್ಟಿಲ ಪಕ್ಕ, ಹಸಿರು ಬಟ್ಟೆಯ ಚೂರು ಮತ್ತು ಬಾಗಿದ ಒಂದು ಮೊಣಕೈ.

"ಮೊಣಕೈ ಇದೆ ಪಾಟಿ."

"ಸಾಕು ಬಿಡು ಮಾರಾಯ್ತಿ. ಇಷ್ಟು ವರ್ಷ ಕೆಲಸ ಮಾಡಿದ್ದು ಅದೇ ಅಲ್ವಾ."

ಮುಂದಿನ ಭಾನುವಾರ ಫೋಟೋ ಕಟ್ಟು ಹಾಕಿಸಿಕೊಂಡು ಗೋಡೆಗೇರಿತು. ಸುತ್ತಲೂ ಅಗಲವಾದ ಚಿನ್ನದ ಬಣ್ಣದ ಅಂಚು. ಆ ಅಂಚಿನಡಿಯಲ್ಲಿ ಮೊಣಕೈಯೂ ಮುಚ್ಚಿಹೋಗಿತ್ತು. ಅದನ್ನು ನಾನು ಪಾಟಿಗೆ ಹೇಳಲಿಲ್ಲ.

ತಪಸ್ಸುಕಾಲ ಹತ್ತಿರವಾಯಿತು. ಎಂದಿನಂತೆ ಅವಳು ಬುಟ್ಟಿ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಗರಿಯ ಶಿಲುಬೆಯನ್ನು ಬೆನ್ನ ಹಿಂದೆ ಹಿಡಿದು ನಾನು ಅಡ್ಡ ನಿಂತೆ.

"ಕೊಡಲ್ಲ. ಆ ಅಂಕಲ್ ಹಣೆಗೆ ನೀನು ಯಾಕೆ ಬೂದಿ ಮಾಡ್ಕೊಡ್ಬೇಕು?"

"ಅವರ ಹಣೆಗಲ್ಲ, ದೇವರ ಕೆಲಸಕ್ಕೆ," ಎಂದಳು. ಆಮೇಲೆ ಕೈ ಚಾಚಿ, "ನಂಗೂ ಬೇಜಾರಾಗಿದೆ ಕಣ್ಣು. ಹಾಗಂತ ಊರಿಗೆಲ್ಲ ಬೂದಿ ತಪ್ಪಿಸಲಾ? ಕೊಡು ಇತ್ತ."

ಕೊಟ್ಟೆ. ಬುಧವಾರ ಹಣೆಯ ಮೇಲೆ ಕಪ್ಪು ಶಿಲುಬೆ ಹೊತ್ತು ಹೊರಬಂದ ಕಾರ್ಯದರ್ಶಿಯ ಎದುರು ನಿಂತು ಕೇಳಿದೆ: "ಅಂಕಲ್, ಈ ಬೂದಿ ಮಾಡಿದ್ದು ಯಾವ ಸಮಿತಿ?"

ಅವರು ನಕ್ಕು, "ಇವಳನ್ನ ಡಿಬೇಟಿಗೆ ಕಳಿಸಿ" ಎಂದು ಅಪ್ಪನಿಗೆ ಹೇಳಿ ಸ್ಕೂಟರ್ ಹತ್ತಿದರು. ಮುಂದೆ ಶಿವಮೊಗ್ಗದ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಕಪ್‌ಗಳನ್ನು ಗೆದ್ದದ್ದೂ ಉಂಟು. ಆದರೆ ಮೊದಲ ವಾದಕ್ಕೆ ಇಂದಿಗೂ ಉತ್ತರ ಬಂದಿಲ್ಲ.

ಆ ಕಾರ್ಯದರ್ಶಿ ದುಷ್ಟರಾಗಿರಲಿಲ್ಲ. ನನ್ನ ಸಿಟ್ಟಿಗೆ ಅದೇ ಕಾರಣ. ದುಷ್ಟನೊಬ್ಬ ಹಾಗೆ ಮಾಡಿದ್ದರೆ ಸಭೆಯೇ ಎದುರಾಡುತ್ತಿತ್ತು. ಸಭ್ಯರೊಬ್ಬರು ಕೂತಲ್ಲಿಂದಲೇ ಕೆಲಸ ಹೇಳಿದರು, ಸಭ್ಯರೆಲ್ಲರೂ ಕ್ಯಾಮೆರಾ ನೋಡಿ ಮುಗುಳ್ನಕ್ಕರು. ಸಭೆಯೆಂದರೆ ಒಂದೇ ದೇಹ ಎಂದು ಬೆಳಿಗ್ಗೆಯಷ್ಟೇ ಪ್ರವಚನ ಕೇಳಿದ್ದವರು, ಮಧ್ಯಾಹ್ನದೊಳಗೆ ಆ ದೇಹದ ಒಂದು ಅಂಗವನ್ನು ಸಾಲಿನಿಂದ ಹೊರಗಿಟ್ಟರು, ತಿಂಗಳೊಳಗೆ ಮೊಣಕೈಯನ್ನೂ ಚೌಕಟ್ಟಿನಡಿ ಮುಚ್ಚಿದರು. ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ನಾನೂ ಮುಗುಳ್ನಕ್ಕಿದ್ದೇನೆ, ಫೋಟೋದಲ್ಲಿ ಸಾಕ್ಷಿಯಿದೆ. ಅವಳು ಎತ್ತಿಟ್ಟ ಚಪ್ಪಲಿಗಳಲ್ಲಿ ನನ್ನದೂ ಒಂದು ಜೊತೆ ಇತ್ತು.

ನಾನು ಕಾಲೇಜಿನಲ್ಲಿದ್ದಾಗ ಪಾಟಿ ತೀರಿಕೊಂಡಳು. ಮಾಲೆ ಹಾಕಲು ಫೋಟೋ ಹುಡುಕಿದರು, ಸಿಗಲಿಲ್ಲ. ಶವಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಬರಿಯ ಮೋಂಬತ್ತಿ ಉರಿಯಿತು. ಈಗ ಆ ಚರ್ಚಿಗೆ ಬೂದಿ ಪೊಟ್ಟಣದಲ್ಲಿ ಬರುತ್ತದೆ. ಗರಿಯನ್ನು ಶಿಲುಬೆಯಾಗಿ ಮಡಚುವುದು ಅಲ್ಲಿನ ಮಕ್ಕಳಿಗೆ ಗೊತ್ತಿಲ್ಲ. ನಮಗದನ್ನು ಕಲಿಸಿದವಳನ್ನು ನೆನೆಯಲು ಗೋಡೆಯ ಮೇಲೆ ಏನೂ ಇಲ್ಲ. ಕುರ್ಚಿಗಳ ಸಾಲು ಮಾತ್ರ ಚಿನ್ನದ ಅಂಚಿನೊಳಗೆ ಭದ್ರವಾಗಿದೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ನಿಮ್ಮ ಸಭೆಯಲ್ಲಿ ಫೋಟೋಗೆ ಸಾಲು ನಿಂತಾಗ, ಚಪ್ಪಲಿ ಸರಿಸಲು ಯಾರು ಹೋಗಿದ್ದಾರೆ ನೋಡಿ. ಅವರು ಬರುವವರೆಗೆ ಕ್ಯಾಮೆರಾ ತಡೆಯಿರಿ. ಬಂದ ಮೇಲೆ ನಿಮ್ಮ ಕುರ್ಚಿಯನ್ನು ಅವರಿಗೆ ಬಿಟ್ಟುಕೊಡಿ.